ಹನ್ನೊಂದು ವರ್ಷದ ಮಂಕು

ಬೆಳಗಿನ ಹೊತ್ತು ನನ್ನ ತಲೆ ಓಡುವುದಿಲ್ಲ ಎಂದು ಹನ್ನೊಂದು ವರ್ಷ ನಂಬಿದ್ದೆ. ಕೆಲವರು ಎದ್ದ ಕೂಡಲೇ ಚುರುಕಾಗಿರುತ್ತಾರೆ, ನನ್ನದು ಮಧ್ಯಾಹ್ನ ದಾಟಿದ ಮೇಲೆ ಬಿಚ್ಚಿಕೊಳ್ಳುವ ತಲೆ ಎಂದುಕೊಂಡಿದ್ದೆ. ನನ್ನ ಕೆಲಸ ಕರಡು ತಿದ್ದುವುದು. ಬೇರೆಯವರು ಬರೆದದ್ದನ್ನು ಅಚ್ಚಿಗೆ ಹೋಗುವ ಮೊದಲು ಸಾಲು ಸಾಲಾಗಿ ಓದಿ, ತಪ್ಪಿದ್ದಲ್ಲಿ ಗುರುತು ಹಾಕಬೇಕು. ಕಣ್ಣು ಪುಟದ ಮೇಲಿದ್ದರೆ ಸಾಲದು, ಮನಸ್ಸೂ ಅಲ್ಲೇ ಇರಬೇಕು. ನನಗೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದರ ಮೊದಲಲ್ಲಿ ಏನಿತ್ತು ಅನ್ನುವುದೇ ಜಾರಿಹೋಗುತ್ತಿತ್ತು. ಮತ್ತೆ ಓದುತ್ತಿದ್ದೆ. ಮೂರನೇ ಸಲಕ್ಕೆ ಅರ್ಥವಾಗುತ್ತಿತ್ತು.

ಇದರ ಜೊತೆಗೆ ಅಲರ್ಜಿ. ಎದ್ದ ತಕ್ಷಣ ಸೀನು, ಒಂದರ ಹಿಂದೆ ಒಂದು, ಹತ್ತು ಹನ್ನೆರಡು. ಮೂಗಿನಿಂದ ನೀರು. ಅಂಗುಳಿನಲ್ಲಿ ಮತ್ತು ಕಿವಿಯ ಆಳದಲ್ಲಿ, ಬೆರಳು ಹೋಗದ ಜಾಗದಲ್ಲಿ ಕೆರೆತ. ಹಾಸಿಗೆ ಕೊಡವಿದರೆ ಸಾಕು, ಹಳೇ ಪುಸ್ತಕ ತೆರೆದರೆ ಸಾಕು, ಶುರುವಾಗುತ್ತಿತ್ತು. ಅದಕ್ಕೆಂದು ರಾತ್ರಿ ಮಲಗುವ ಮುಂಚೆ ಒಂದು ಚಿಕ್ಕ ಮಾತ್ರೆ ನುಂಗುತ್ತಿದ್ದೆ. ಯಾವಾಗಲೋ ಒಮ್ಮೆ ಮೂಗು ಸೋರಿ ಸೋರಿ ಸಾಕಾಗಿದ್ದಾಗ ಬರೆಸಿಕೊಂಡಿದ್ದು. ಸೀನು ನಿಂತಿತು, ನಿದ್ದೆಯೂ ಚೆನ್ನಾಗಿ ಬಂತು. ಹಾಗಾಗಿ ಬಿಡಲಿಲ್ಲ. ನೆನಪಾದ ರಾತ್ರಿಗಳಲ್ಲೆಲ್ಲ ನುಂಗಿದೆ.

ಒಂದು ಸಲ ನಾನು ತಿದ್ದಿ ಕಳಿಸಿದ ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ದಿನ ವಾಪಸ್ ಬಂತು. ಜೊತೆಯಲ್ಲಿ ಕೆಲಸ ಮಾಡುವವರು ಸುಮ್ನೆ ಕಣ್ಣಾಡಿಸಲು ಕೂತಿದ್ದರಂತೆ. ಮೂವತ್ತೊಂದು ತಪ್ಪು ಸಿಕ್ಕಿದ್ದವು. ಅವರು ಬೈಯಲಿಲ್ಲ. "ಹುಷಾರಾಗಿದ್ದೀರಾ?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮನೆಗೆ ಬಂದು ತಪ್ಪುಗಳಿದ್ದ ಪುಟಗಳನ್ನು ಬಿಡಿಸಿ ನೋಡಿದೆ. ಯಾವ ಪುಟವನ್ನು ಯಾವ ದಿನ ಮುಗಿಸಿದೆ ಅನ್ನುವುದನ್ನು ಮೂಲೆಯಲ್ಲಿ ಬರೆಯುವ ಅಭ್ಯಾಸ ನನಗಿದೆ. ಮಾತ್ರೆ ತೆಗೆದುಕೊಂಡ ರಾತ್ರಿ ಡೈರಿಯಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ, ಮರೆತು ಎರಡು ನುಂಗಬಾರದಲ್ವಾ, ಅದಕ್ಕೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಆ ಪುಸ್ತಕ ಓದುತ್ತಿದ್ದ ನಡುವೆ ಮಾತ್ರೆ ಮುಗಿದು, ತರಲು ಆಗದೆ ಆರು ದಿನ ಚುಕ್ಕೆ ಇರಲಿಲ್ಲ. ಆ ಆರು ದಿನಗಳಲ್ಲಿ ಸೀನುತ್ತಲೇ ಕೂತು ಓದಿದ್ದೆ. ಮೂಗು ಒರೆಸಿಕೊಂಡು ಓದಿದ ಆ ಪುಟಗಳಲ್ಲಿ, ಕೊನೆಯ ನಾಲ್ಕು ದಿನಗಳಲ್ಲಿ, ಒಂದೇ ಒಂದು ತಪ್ಪು ತಪ್ಪಿಸಿಕೊಂಡಿತ್ತು. ಉಳಿದ ಮೂವತ್ತೂ ಚುಕ್ಕೆ ಇದ್ದ ರಾತ್ರಿಗಳ ಮರುದಿನದವು, ಇಲ್ಲವೇ ಚುಕ್ಕೆ ನಿಂತ ಮೊದಲ ಎರಡು ದಿನದವು.

ಇದೇನೂ ದೊಡ್ಡ ಸಂಶೋಧನೆಯಲ್ಲ, ಒಬ್ಬಳ ಡೈರಿ. ಆದರೂ ಅವತ್ತು ರಾತ್ರಿ ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದೆ.

ಡಾಕ್ಟರ್ ಹತ್ತಿರ ಹೋದಾಗ ಅವರು ಮಾತ್ರೆಯ ಹೆಸರು ಕೇಳಿದರು. ಕ್ಲೋರ್‌ಫೆನಿರಮಿನ್ ಎಂದೆ.

"ಎಷ್ಟು ದಿನದಿಂದ ತಗೊಳ್ತಿದ್ದೀರಿ?"

"ಹನ್ನೊಂದು ವರ್ಷ ಆಯ್ತು ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ರಾತ್ರಿ ತಗೊಂಡಿದ್ದು ಬೆಳಗ್ಗೆ ಹೊತ್ತಿಗೆ ಇಳಿದಿರುತ್ತೆ ಅಂದ್ಕೊಂಡಿದ್ರಾ?"

ಹೌದು, ಹಾಗೇ ಅಂದುಕೊಂಡಿದ್ದೆ. ಅದು ಹಾಗಿಲ್ಲ ಎಂದು ಅವರೇ ವಿವರಿಸಿದರು. ದೊಡ್ಡವರ ರಕ್ತದಲ್ಲಿ ಈ ಮದ್ದು ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ರಾತ್ರಿ ಹತ್ತಕ್ಕೆ ನುಂಗಿದರೆ, ಮರುದಿನ ಬೆಳಗ್ಗೆ ಹತ್ತಕ್ಕೆ ಅರ್ಧಕ್ಕಿಂತ ಜಾಸ್ತಿ ಒಳಗೇ ಇರುತ್ತದೆ. ಅದು ಪೂರ್ತಿ ಕರಗುವ ಮುಂಚೆ ಮತ್ತೊಂದು ರಾತ್ರಿ ಬರುತ್ತದೆ, ಮತ್ತೊಂದು ಮಾತ್ರೆ ಸೇರುತ್ತದೆ. ಹನ್ನೊಂದು ವರ್ಷ ನಾನು ಆ ಮದ್ದಿನೊಳಗೇ ಎದ್ದು, ಅದರೊಳಗೇ ಕೆಲಸ ಮಾಡಿ, ಅದರೊಳಗೇ ಮಲಗಿದ್ದೆ. ಚುಕ್ಕೆ ನಿಂತ ಮೇಲೂ ಎರಡು ದಿನ ಯಾಕೆ ತಪ್ಪಾಗಿದ್ದವು ಅನ್ನುವುದೂ ಆಗ ತಿಳಿಯಿತು. ಚೆನ್ನಾಗಿ ಬರುತ್ತಿದೆ ಅಂದುಕೊಂಡಿದ್ದ ನಿದ್ದೆಯ ವಿಷಯವನ್ನೂ ಅವರು ಹೇಳಿದರು. ಇಂಥ ಹಳೇ ಪೀಳಿಗೆಯ ಅಲರ್ಜಿ ಮಾತ್ರೆಗಳು ಬೇಗ ನಿದ್ದೆ ತರಿಸುತ್ತವೆ. ಆದರೆ ಕನಸು ಬೀಳುವ ಹಂತದ ನಿದ್ದೆ, ಆರ್‌ಇಎಂ ಅನ್ನುತ್ತಾರಲ್ಲ, ಅದನ್ನು ಕಡಿಮೆ ಮಾಡುತ್ತವೆ. ಎಂಟು ಗಂಟೆ ಮಲಗಿ ಎದ್ದರೂ ದಣಿವು ಆರದೇ ಇರುವುದಕ್ಕೆ ಅದೂ ಒಂದು ಕಾರಣ.

ಅಲರ್ಜಿಗೂ ನಿದ್ದೆಗೂ ಏನು ಸಂಬಂಧ ಅನ್ನುವ ಪ್ರಶ್ನೆ ನನ್ನನ್ನು ಆಮೇಲೆ ಬಹಳ ದಿನ ಕಾಡಿತು. ಓದುತ್ತಾ ಹೋದೆ. ಉತ್ತರ ಹಿಸ್ಟಮಿನ್ ಅನ್ನುವ ಒಂದು ಪುಟ್ಟ ರಾಸಾಯನಿಕದಲ್ಲಿದೆ.

ನಮ್ಮ ಮೂಗಿನ ಒಳಪದರ, ಕಣ್ಣು, ಚರ್ಮ, ಶ್ವಾಸನಾಳ, ಹೀಗೆ ಹೊರಗಿನ ಲೋಕ ಮೈಯನ್ನು ಮುಟ್ಟುವ ಕಡೆಯೆಲ್ಲ ಮಾಸ್ಟ್ ಕೋಶಗಳಿರುತ್ತವೆ. ಅವುಗಳ ಒಳಗೆ ಹಿಸ್ಟಮಿನ್ ತುಂಬಿದ ಸಣ್ಣ ಸಣ್ಣ ಚೀಲಗಳು. ಅಲರ್ಜಿ ಇರುವವರ ಮೈ ಧೂಳಿನಲ್ಲಿರುವ ಒಂದು ಕಣವನ್ನೋ ಹೂವಿನ ಪರಾಗವನ್ನೋ ಶತ್ರು ಎಂದು ಗುರುತು ಹಾಕಿಕೊಂಡಿರುತ್ತದೆ. ಆ ಗುರುತಿನ ಹೆಸರು ಐಜಿಇ ಪ್ರತಿಕಾಯ. ಅದೇ ಕಣ ಮತ್ತೆ ಬಂದರೆ ಚೀಲಗಳು ನಿಮಿಷಗಳಲ್ಲಿ ಒಡೆದುಕೊಳ್ಳುತ್ತವೆ. ಹೊರಬಂದ ಹಿಸ್ಟಮಿನ್ ಹತ್ತಿರದ ನರಗಳ ಮೇಲೆ, ರಕ್ತನಾಳಗಳ ಮೇಲೆ ಇರುವ ಹೆಚ್1 ಅನ್ನುವ ಗ್ರಾಹಕಗಳಲ್ಲಿ ಹೋಗಿ ಕೂರುತ್ತದೆ. ಗ್ರಾಹಕವನ್ನು ನಾನು ಒಂದು ಕುರ್ಚಿ ಎಂದುಕೊಂಡಿದ್ದೇನೆ. ಹಿಸ್ಟಮಿನ್ ಆ ಕುರ್ಚಿಯಲ್ಲಿ ಕೂತರೆ ಸೀನು, ಕೆರೆತ, ನೀರು. ನಾನು ನುಂಗುತ್ತಿದ್ದಂಥ ಆಂಟಿಹಿಸ್ಟಮಿನ್ ಮಾತ್ರೆ ಮಾಡುವುದು ಇಷ್ಟೇ, ಹಿಸ್ಟಮಿನ್ ಬರುವ ಮುಂಚೆ ಹೋಗಿ ಆ ಕುರ್ಚಿ ಹಿಡಿಯುತ್ತದೆ.

ಇದೇ ಹಿಸ್ಟಮಿನ್ ಮೆದುಳಿನಲ್ಲೂ ಇದೆ, ಅಲ್ಲಿ ಅದರ ಕೆಲಸವೇ ಬೇರೆ. ಮೆದುಳಿನ ಬುಡದ ಕಡೆಯಿರುವ ಹೈಪೊಥಾಲಮಸ್‌ನ ಹಿಂಭಾಗದಲ್ಲಿ ನರಕೋಶಗಳ ಒಂದು ಸಣ್ಣ ಗುಂಪಿದೆ. ನಾವು ಎಚ್ಚರವಿರುವಾಗ ಅದು ಮೆದುಳಿನ ಉದ್ದಗಲಕ್ಕೂ ಹಿಸ್ಟಮಿನ್ ಹರಿಸುತ್ತಿರುತ್ತದೆ, ಮಲಗಿದಾಗ ಸುಮ್ಮನಾಗುತ್ತದೆ. ಮೂಗಿನಲ್ಲಿ ನಮ್ಮನ್ನು ಗೋಳಾಡಿಸುವ ಅದೇ ಪದಾರ್ಥ ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿಟ್ಟಿರುತ್ತದೆ. ಓದಿದ್ದು ತಲೆಯಲ್ಲಿ ನಿಲ್ಲುವುದಕ್ಕೂ, ಗಮನ ಚದುರದೆ ಇರುವುದಕ್ಕೂ ಅದು ಬೇಕು. ಹಳೇ ಮಾತ್ರೆಗಳು ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ. ಹಾಗಾಗಿ ಮೆದುಳಿಗೂ ರಕ್ತಕ್ಕೂ ನಡುವೆ ಇರುವ ತಡೆಗೋಡೆಯನ್ನು ದಾಟಿ ಒಳಗೆ ಹೋಗುತ್ತವೆ, ಅಲ್ಲಿನ ಕುರ್ಚಿಗಳನ್ನೂ ಹಿಡಿಯುತ್ತವೆ. ಹೊಸ ಪೀಳಿಗೆಯ ಮಾತ್ರೆಗಳು ಆ ಗೋಡೆಯನ್ನು ಸುಲಭವಾಗಿ ದಾಟುವುದಿಲ್ಲ. ದಾಟಿದವನ್ನೂ ಗೋಡೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಹಿಡಿದು ಹೊರಗೆ ದಬ್ಬುತ್ತದೆ. ನಿದ್ದೆ ತರಿಸದ ಮಾತ್ರೆ ಅಂದರೆ ಇದೇ. ಅದರಲ್ಲಿ ಎಚ್ಚರವಾಗಿಡುವ ಮದ್ದೇನೂ ಬೆರೆಸಿಲ್ಲ. ಮೂಗಿಗೆ ಹೋಗುತ್ತದೆ, ತಲೆಗೆ ಹೋಗುವುದಿಲ್ಲ.

ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಕಜುಹಿಕೊ ಯನಾಯಿ ಅವರ ತಂಡ ಮೆದುಳಿನೊಳಗೆ ಮದ್ದು ಎಲ್ಲಿ ಕೂತಿದೆ ಎಂದು ಚಿತ್ರದಲ್ಲಿ ತೋರಿಸುವ ಪೆಟ್ ಸ್ಕ್ಯಾನ್ ಇಟ್ಟು ಇದನ್ನು ಅಳೆದು ನೋಡಿದೆ. ಮಾತ್ರೆ ನುಂಗಿದವರ ಮೆದುಳಿನಲ್ಲಿ ಹೆಚ್1 ಕುರ್ಚಿಗಳಲ್ಲಿ ಎಷ್ಟು ಭರ್ತಿಯಾಗಿವೆ ಅನ್ನುವ ಲೆಕ್ಕ. ಹಳೇ ಮಾತ್ರೆಗಳು ಅರ್ಧ ಅಥವಾ ಅದಕ್ಕೂ ಹೆಚ್ಚು ಹಿಡಿದಿರುತ್ತವೆ. ಶೇಕಡಾ 20ಕ್ಕಿಂತ ಕಡಿಮೆ ಹಿಡಿಯುವ ಮಾತ್ರೆಯನ್ನು ನಿದ್ದೆ ತರಿಸದ ಗುಂಪಿಗೆ ಸೇರಿಸುತ್ತಾರೆ. ಹೊಸ ಪೀಳಿಗೆಯ ಫೆಕ್ಸೊಫೆನಡಿನ್ ಹಿಡಿಯುವುದು ಹೆಚ್ಚುಕಡಿಮೆ ಸೊನ್ನೆ. ಆ ಚಿತ್ರಗಳನ್ನು ನೋಡಿದಾಗ ನನ್ನ ಹನ್ನೊಂದು ವರ್ಷದ ಮಂಕಿಗೆ ಒಂದು ಆಕಾರ ಸಿಕ್ಕಿದಂತಾಯಿತು.

ಇಷ್ಟೆಲ್ಲ ಆದಮೇಲೂ ಒಂದು ಅನುಮಾನ ಉಳಿದಿತ್ತು. ನನಗೆ ತೂಕಡಿಕೆ ಬರುತ್ತಿರಲಿಲ್ಲವಲ್ಲ? ಶುರುವಿನ ಕೆಲವು ದಿನ ಬಂದಿತ್ತು, ಆಮೇಲೆ ಹೋಗಿತ್ತು. ಮೈಗೆ ಒಗ್ಗಿತು ಎಂದು ನೆಮ್ಮದಿಯಾಗಿದ್ದೆ.

ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಐಯೋವಾ ವಿಶ್ವವಿದ್ಯಾಲಯದವರು 2000ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ. ಅಲರ್ಜಿಯ ನೆಗಡಿ ಇದ್ದ 40 ಜನರನ್ನು ನಿಜವಾದ ಕಾರಿನಂತೆಯೇ ಇರುವ ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಕೂರಿಸಿ ಒಂದೊಂದು ಗಂಟೆ ಓಡಿಸಿದರು. ಪ್ರತಿಯೊಬ್ಬರೂ ಬೇರೆ ಬೇರೆ ದಿನ ನಾಲ್ಕು ಸ್ಥಿತಿಯಲ್ಲಿ ಓಡಿಸಬೇಕಿತ್ತು. ಒಮ್ಮೆ ಹಳೇ ಮಾತ್ರೆ ಡೈಫೆನ್‌ಹೈಡ್ರಮಿನ್ 50 ಮಿಲಿಗ್ರಾಂ ತೆಗೆದುಕೊಂಡು, ಒಮ್ಮೆ ಹೊಸದಾದ ಫೆಕ್ಸೊಫೆನಡಿನ್ 60 ಮಿಲಿಗ್ರಾಂ, ಒಮ್ಮೆ ರಕ್ತದಲ್ಲಿ ಶೇಕಡಾ 0.1ರಷ್ಟು ಆಗುವಂತೆ ಮದ್ಯ, ಇನ್ನೊಮ್ಮೆ ಮದ್ದಿಲ್ಲದ ಖಾಲಿ ಮಾತ್ರೆ. ಮುಂದಿನ ಕಾರು ನಿಧಾನವಾದರೆ ತಾವೂ ನಿಧಾನ, ಜೋರಾದರೆ ಜೋರು, ಅದರ ವೇಗಕ್ಕೆ ಹೊಂದಿಕೊಂಡು ಹೋಗಬೇಕು. ಇದರಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಡೈಫೆನ್‌ಹೈಡ್ರಮಿನ್ ತೆಗೆದುಕೊಂಡ ದಿನ, ಮದ್ಯ ಕುಡಿದ ದಿನಕ್ಕಿಂತಲೂ ಹಿಂದೆ. ಫೆಕ್ಸೊಫೆನಡಿನ್ ತೆಗೆದುಕೊಂಡಾಗ ಖಾಲಿ ಮಾತ್ರೆಯ ದಿನದಷ್ಟೇ ಚೆನ್ನಾಗಿ ಓಡಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಭಾಗ. ನಿಮಗೆ ಎಷ್ಟು ನಿದ್ದೆ ಬರುತ್ತಿದೆ ಎಂದು ಅವರನ್ನೇ ಕೇಳಿ ಬರೆದುಕೊಂಡಿದ್ದರು. ಆ ಉತ್ತರಕ್ಕೂ ಅವರು ಓಡಿಸಿದ ರೀತಿಗೂ ಸರಿಯಾಗಿ ತಾಳೆಯಾಗಲಿಲ್ಲ. ನಿದ್ದೆ ಅಷ್ಟೇನೂ ಬರುತ್ತಿಲ್ಲ ಎಂದವರೂ ಕೆಟ್ಟದಾಗಿ ಓಡಿಸಿದ್ದರು. ಮಂಕಾದ ಮೆದುಳನ್ನೇ ನೀನು ಮಂಕಾಗಿದ್ದೀಯಾ ಎಂದು ಕೇಳಿದರೆ ಅದು ಏನು ಹೇಳೀತು? ಇದನ್ನು ಓದಿದ ದಿನದಿಂದ "ನಂಗೇನೂ ನಿದ್ದೆ ಬರಲ್ಲಪ್ಪ, ರೂಢಿ ಆಗಿದೆ" ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮಾತ್ರೆ ನುಂಗಿ ಬೈಕು ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು, ಪರೀಕ್ಷೆಗೆ ಕೂರುವ ಮಕ್ಕಳು, ಇವರೆಲ್ಲ ಕಣ್ಣ ಮುಂದೆ ಬರುತ್ತಾರೆ.

ಹೊಸ ಮಾತ್ರೆಗಳ ಕಥೆಯೂ ಸಲೀಸಾಗಿ ನಡೆದದ್ದಲ್ಲ. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಹೊಸದು ಅಂದ ಮಾತ್ರಕ್ಕೆ ಯೋಚನೆ ಇಲ್ಲದೆ ನುಂಗಬಹುದು ಎಂದು ಯಾರಿಗೂ ಅನ್ನಿಸಬಾರದು.

ಆಂಟಿಹಿಸ್ಟಮಿನ್ ಹುಟ್ಟಿದ್ದು 1937ರಲ್ಲಿ, ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ, ಡೇನಿಯಲ್ ಬೊವೆ ಮತ್ತು ಆನ್-ಮರಿ ಸ್ಟೌಬ್ ಅವರ ಕೈಯಲ್ಲಿ. ಆ ಮೊದಲ ಪದಾರ್ಥ ಮನುಷ್ಯರಿಗೆ ಕೊಡಲಾರದಷ್ಟು ವಿಷವಾಗಿತ್ತು. 1940ರ ದಶಕದಲ್ಲಿ ಡೈಫೆನ್‌ಹೈಡ್ರಮಿನ್ ಬಂತು, ಅದರ ಹಿಂದೆಯೇ ಅದೇ ಬಗೆಯ ಹಲವು ಬಂದವು. ಎಲ್ಲವೂ ನಿದ್ದೆ ತರಿಸುತ್ತಿದ್ದವು. ಡೈಫೆನ್‌ಹೈಡ್ರಮಿನ್ ಅನ್ನು ಈಗಲೂ ಎಷ್ಟೋ ಕಡೆ ನಿದ್ದೆ ಮಾತ್ರೆ ಎಂದೇ ಮಾರುತ್ತಾರೆ, ಅಷ್ಟರ ಮಟ್ಟಿಗೆ. ನಲವತ್ತು ವರ್ಷ ಜನ ಸೀನು ಬೇಕೋ ಮಂಕು ಬೇಕೋ ಎಂಬ ಆಯ್ಕೆಯಲ್ಲೇ ಬದುಕಿದರು.

1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಟರ್ಫೆನಡಿನ್ ಬಂದಾಗ ಅದು ನಿಜವಾಗಿಯೂ ದೊಡ್ಡ ಸಂಗತಿ. ಸೀನು ನಿಲ್ಲಿಸುತ್ತದೆ, ನಿದ್ದೆ ತರಿಸುವುದಿಲ್ಲ. ಲಕ್ಷಾಂತರ ಜನ ನುಂಗಿದರು. 1990ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ 39 ವರ್ಷದ ಮಹಿಳೆಯೊಬ್ಬರ ವಿಷಯ ಬಂತು. ಅವರು ಟರ್ಫೆನಡಿನ್ ಜೊತೆಗೆ ಫಂಗಸ್ ಸೋಂಕಿಗೆ ಕೊಡುವ ಕೀಟೊಕೊನಜೋಲ್ ತೆಗೆದುಕೊಳ್ಳುತ್ತಿದ್ದರು. ಅವರ ಹೃದಯದ ಬಡಿತ ಅಪಾಯಕಾರಿಯಾಗಿ ತಾಳ ತಪ್ಪಿತ್ತು. ಹುಡುಕಿದಾಗ ಗೊತ್ತಾದದ್ದು ಇದು. ನುಂಗಿದ ಟರ್ಫೆನಡಿನ್ ರಕ್ತಕ್ಕೆ ಸೇರುವ ಮೊದಲೇ ಪಿತ್ತಜನಕಾಂಗ ಅದನ್ನು ಪೂರ್ತಿ ಅನ್ನುವಷ್ಟು ಬೇರೊಂದು ಪದಾರ್ಥವಾಗಿ ಬದಲಿಸಿಬಿಡುತ್ತದೆ. ಅಲರ್ಜಿಗೆ ಕೆಲಸ ಮಾಡುತ್ತಿದ್ದದ್ದು ಆ ಬೇರೆ ಪದಾರ್ಥ. ಕೀಟೊಕೊನಜೋಲ್, ಎರಿತ್ರೊಮೈಸಿನ್‌ನಂಥ ಮದ್ದುಗಳು, ದ್ರಾಕ್ಷಿಹಣ್ಣು ಎಂದು ಹೆಸರು ತಪ್ಪಾಗಿ ತಿಳಿಯಬಹುದಾದ ಗ್ರೇಪ್‌ಫ್ರೂಟ್ ಎಂಬ ಕಹಿ ಕಿತ್ತಳೆಜಾತಿಯ ಹಣ್ಣಿನ ರಸ, ಇವೆಲ್ಲ ಆ ಬದಲಾವಣೆಯನ್ನು ತಡೆಯುತ್ತಿದ್ದವು. ಆಗ ಟರ್ಫೆನಡಿನ್ ಹಾಗೇ ರಕ್ತದಲ್ಲಿ ಉಳಿದು ಹೃದಯದ ವಿದ್ಯುತ್ ತಾಳವನ್ನು ಕೆಡಿಸುತ್ತಿತ್ತು.

ಆ ಬೇರೆ ಪದಾರ್ಥವನ್ನೇ ನೇರವಾಗಿ ಮಾತ್ರೆ ಮಾಡಿದರು. ಅದೇ ಫೆಕ್ಸೊಫೆನಡಿನ್. 1996ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಟರ್ಫೆನಡಿನ್ ಅಲ್ಲಿನ ಮಾರುಕಟ್ಟೆಯಿಂದ 1998ರಲ್ಲಿ ಹೋಯಿತು. ನಾನು ಈಗ ದಿನಾ ನುಂಗುವ ಈ ಮಾತ್ರೆಯ ಹಿಂದೆ ಇಷ್ಟು ಜನರ ಹೃದಯದ ಕಥೆಯಿದೆ ಎಂದು ತಿಳಿದಾಗ ಅದರ ಮೇಲೆ ಗೌರವ ಹುಟ್ಟಿತು. ಬೇರೆ ಯಾವ ಮದ್ದು ತೆಗೆದುಕೊಳ್ಳುತ್ತಿದ್ದೀರಿ ಎಂದು ಡಾಕ್ಟರ್ ಕೇಳಿದಾಗ "ಏನಿಲ್ಲ" ಎಂದು ಹಾರಿಸಿ ಹೇಳುತ್ತಿದ್ದವಳು, ಈಗ ಯೋಚಿಸಿ ಎಲ್ಲವನ್ನೂ ಹೇಳುತ್ತೇನೆ.

ನನಗೆ ಮೊದಲು ಕೊಟ್ಟದ್ದು ಸೆಟಿರಿಜಿನ್ 10 ಮಿಲಿಗ್ರಾಂ. ಹೊಸ ಪೀಳಿಗೆಯದೇ. ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಇಡೀ ದಿನ ಇರುತ್ತದೆ. ಕೆರೆತಕ್ಕೆ ಅದರಷ್ಟು ಆರಾಮ ಕೊಟ್ಟದ್ದು ನನಗೆ ಬೇರೆ ಇಲ್ಲ. ಹಳೇ ಮಾತ್ರೆಯ ಮಂಕಿಗೆ ಹೋಲಿಸಿದರೆ ಆಕಾಶಕ್ಕೂ ಭೂಮಿಗೂ ಇರುವಷ್ಟು ವ್ಯತ್ಯಾಸ. ಆದರೂ ಮಧ್ಯಾಹ್ನದ ಹೊತ್ತು ಒಂದು ತೆಳುವಾದ ಜೋಂಪು ಕವಿಯುತ್ತಿತ್ತು. ಹೊಸ ಮಾತ್ರೆಗಳೆಲ್ಲ ಒಂದೇ ಅಲ್ಲ ಅನ್ನುವುದು ನನಗೆ ಆಗ ಗೊತ್ತಾಯಿತು. ಸೆಟಿರಿಜಿನ್‌ನ ಪ್ರಯೋಗಗಳಲ್ಲೇ 10 ಮಿಲಿಗ್ರಾಂ ತೆಗೆದುಕೊಂಡ ನೂರು ಜನರಲ್ಲಿ ಸುಮಾರು 14 ಮಂದಿಗೆ ಜೋಂಪು ಬಂದಿದೆ, ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು 6 ಮಂದಿಗೆ. ಅಂದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ನಾನು ಆ 14ರಲ್ಲಿ ಒಬ್ಬಳು. ಅದರ ಅರ್ಧ ಭಾಗವಾದ ಲೆವೊಸೆಟಿರಿಜಿನ್ 5 ಮಿಲಿಗ್ರಾಂನ ಮಾತ್ರೆಯಲ್ಲೂ ಇದೇ ಆಗಬಹುದು. ಇವನ್ನು ರಾತ್ರಿ ತೆಗೆದುಕೊಳ್ಳಿ ಎನ್ನುವುದು ಅದಕ್ಕೇ. ಲೊರಾಟಡಿನ್, ಡೆಸ್‌ಲೊರಾಟಡಿನ್, ಬಿಲಾಸ್ಟಿನ್, ಫೆಕ್ಸೊಫೆನಡಿನ್‌ಗಳಲ್ಲಿ ಜೋಂಪು ಇನ್ನೂ ಕಡಿಮೆ.

ನನ್ನದು ಫೆಕ್ಸೊಫೆನಡಿನ್‌ಗೆ ಬದಲಾಯಿತು. ಮೊದಲ ವಾರ ಅದು ಕೆಲಸವೇ ಮಾಡಲಿಲ್ಲ. ಬೇಜಾರಾಗಿ ಹಳೆಯದಕ್ಕೇ ಹಿಂತಿರುಗಲೇ ಎನ್ನಿಸಿತು. ತಪ್ಪು ಎಲ್ಲಿತ್ತು ಎಂದರೆ, ಬೆಳಗ್ಗೆ ಮಾತ್ರೆಯನ್ನು ಕಿತ್ತಳೆ ರಸದ ಜೊತೆ ನುಂಗುತ್ತಿದ್ದೆ. ಕರುಳಿನಲ್ಲಿ ಈ ಮದ್ದನ್ನು ಎತ್ತಿ ರಕ್ತಕ್ಕೆ ಸೇರಿಸುವ ಒಂದು ವ್ಯವಸ್ಥೆಯಿದೆ. ಕಿತ್ತಳೆ, ಸೇಬು, ಗ್ರೇಪ್‌ಫ್ರೂಟ್ ರಸ ಅದನ್ನು ತಡೆಯುತ್ತವೆ. ಎದೆಯುರಿಗೆ ತೆಗೆದುಕೊಳ್ಳುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಕೂಡ ಹಾಗೇ ಮಾಡುತ್ತದೆ. ನೀರಿನ ಜೊತೆ ನುಂಗಲು ಶುರು ಮಾಡಿದ ಮೇಲೆ ಮೂರನೇ ದಿನಕ್ಕೆ ಬೆಳಗಿನ ಸೀನು ಎರಡಕ್ಕೆ ಇಳಿಯಿತು. ಬಿಲಾಸ್ಟಿನ್‌ಗೆ ಇನ್ನೂ ಒಂದು ನಿಯಮವಿದೆ, ಊಟಕ್ಕೆ ಒಂದು ಗಂಟೆ ಮುಂಚೆ ಇಲ್ಲವೇ ಎರಡು ಗಂಟೆ ಆದಮೇಲೆ. ಇಂಥ ಸಣ್ಣ ಮಾತನ್ನು ಯಾರಾದರೂ ಹೇಳಿದ್ದರೆ ಎಷ್ಟು ಜನರ ವಾರಗಳು ಉಳಿಯುತ್ತಿದ್ದವೋ.

ಕುರ್ಚಿಯ ಮಾತಿಗೆ ಮತ್ತೆ ಬರುತ್ತೇನೆ. ಸೀನು ಶುರುವಾದ ಮೇಲೆ ಮಾತ್ರೆ ಹುಡುಕುವುದು ನನ್ನ ಹಳೇ ಚಾಳಿ. ಅಷ್ಟರಲ್ಲಿ ಹಿಸ್ಟಮಿನ್ ಬಂದು ಕೂತಾಗಿರುತ್ತದೆ. ಅದನ್ನು ಎಬ್ಬಿಸುವುದಕ್ಕಿಂತ ಮೊದಲೇ ಜಾಗ ಹಿಡಿಯುವುದು ಸುಲಭ. ಅದಕ್ಕೇ ದಿನಾ ಕಾಡುವ ಅಲರ್ಜಿ ಇರುವವರಿಗೆ ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಲು ಹೇಳುತ್ತಾರೆ. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಪರಾಗದಿಂದ ಕಷ್ಟ ಪಡುವವರು ಆ ತಿಂಗಳುಗಳು ಬರುವ ಸ್ವಲ್ಪ ಮುಂಚೆ ಶುರು ಮಾಡಿದರೆ ಒಳ್ಳೆಯದು. ಧೂಳಿನ ಹುಳದ ಅಲರ್ಜಿ ಇರುವ ನನ್ನಂಥವರಿಗೆ ವರ್ಷವಿಡೀ ಅದೇ ಋತು.

ಈ ಹುಳಗಳು ಕಾಲು ಮಿಲಿಮೀಟರಿನಷ್ಟು ಇರುತ್ತವೆ. ಹಾಸಿಗೆ ದಿಂಬುಗಳಲ್ಲಿ ನಮ್ಮ ಚರ್ಮದಿಂದ ಉದುರಿದ ಹೊಟ್ಟನ್ನು ತಿಂದು ಬದುಕುತ್ತವೆ. ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ವಾರಕ್ಕೊಮ್ಮೆ ಒಗೆದರೆ ಸಾಯುತ್ತವೆ. ಇದನ್ನು ಮಾಡಲು ಶುರು ಮಾಡಿದ ಮೇಲೆ ಮಾತ್ರೆಯ ಕೆಲಸ ಹಗುರವಾಯಿತು.

ಮಾತ್ರೆಗೆ ಬಗ್ಗದ ಒಂದು ತೊಂದರೆ ಇದೆ, ಅದು ಮೂಗು ಕಟ್ಟುವುದು. ಸೀನು, ಸೋರುವುದು, ಕೆರೆತ ಇವಕ್ಕೆ ಆಂಟಿಹಿಸ್ಟಮಿನ್ ಚೆನ್ನಾಗಿ ಆಗುತ್ತದೆ. ಮೂಗು ಕಟ್ಟುವುದರ ಹಿಂದೆ ಹಿಸ್ಟಮಿನ್ ಅಲ್ಲದ ಬೇರೆ ಪದಾರ್ಥಗಳೂ ಇರುತ್ತವೆ, ಒಳಪದರ ಬಾತುಕೊಂಡಿರುತ್ತದೆ. ಅದಕ್ಕೆ ಫ್ಲುಟಿಕಸೋನ್, ಮೊಮೆಟಸೋನ್‌ನಂಥ ಸ್ಟೆರಾಯ್ಡ್ ಸ್ಪ್ರೇ ಹೆಚ್ಚು ಕೆಲಸ ಮಾಡುತ್ತದೆ. ಸ್ಟೆರಾಯ್ಡ್ ಎಂಬ ಹೆಸರು ಕೇಳಿಯೇ ನಾನು ಎರಡು ತಿಂಗಳು ಅದನ್ನು ಮುಟ್ಟಿರಲಿಲ್ಲ. ಮೂಗಿಗಷ್ಟೇ ಹೋಗುವ ಪ್ರಮಾಣ ತುಂಬಾ ಸಣ್ಣದು, ಮೈಯೆಲ್ಲಾ ಸೇರುವುದು ಅತಿ ಕಡಿಮೆ ಎಂದು ಡಾಕ್ಟರ್ ಕೂರಿಸಿ ಹೇಳಿದ ಮೇಲೆ ಒಪ್ಪಿದೆ. ಒಂದೇ ದಿನಕ್ಕೆ ಪವಾಡ ಆಗುವುದಿಲ್ಲ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಬಲಗೈಯಿಂದ ಎಡ ಮೂಗಿಗೆ, ಎಡಗೈಯಿಂದ ಬಲ ಮೂಗಿಗೆ ಹಾಕಬೇಕು. ಆಗ ಸ್ಪ್ರೇಯ ಮೊನೆ ನಡುವಿನ ಗೋಡೆಯ ಕಡೆ ತಿರುಗದೆ ಹೊರಗಡೆಗೆ ತಿರುಗುತ್ತದೆ, ಮೂಗಿನಿಂದ ರಕ್ತ ಬರುವುದು ತಪ್ಪುತ್ತದೆ.

ದಿನಾ ನುಂಗಿದರೆ ಚಟವಾಗುವುದಿಲ್ಲವಾ ಎಂದು ನನ್ನನ್ನು ಕೇಳುವವರು ಬಹಳ. ನನಗೂ ಆ ಭಯ ಇತ್ತು. ಚಟ ಹಿಡಿಸುವ ಗುಣ ಇವಕ್ಕಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಸೆಟಿರಿಜಿನ್ ಅಥವಾ ಲೆವೊಸೆಟಿರಿಜಿನ್ ಅನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನಾ ತೆಗೆದುಕೊಂಡು ನಿಲ್ಲಿಸಿದ ಕೆಲವರಿಗೆ ಕೆಲವೇ ದಿನಗಳಲ್ಲಿ ಮೈಯೆಲ್ಲ ಭಯಂಕರ ಕೆರೆತ ಬಂದಿದೆ. ಇದು ಅಪರೂಪ. ಆದರೂ ಗೊತ್ತಿರಬೇಕು. ಇಲ್ಲದಿದ್ದರೆ ಹೊಸ ಕಾಯಿಲೆ ಬಂತೆಂದು ಹೆದರುತ್ತೇವೆ. ದೀರ್ಘಕಾಲ ತೆಗೆದುಕೊಂಡವರು ಬಿಡಬೇಕು ಅನ್ನಿಸಿದಾಗ ಡಾಕ್ಟರನ್ನು ಕೇಳಿ ಬಿಡುವುದು ಮೇಲು. ಅಲರ್ಜಿಯ ಚರ್ಮದ ಪರೀಕ್ಷೆ ಮಾಡಿಸುವುದಿದ್ದರೂ ಮೊದಲೇ ಹೇಳಿ. ಕೆಲವು ದಿನ ಮುಂಚೆ ಮಾತ್ರೆ ನಿಲ್ಲಿಸದಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಮತ್ತೆ, ಉಸಿರು ಸಿಕ್ಕಿಹಾಕಿಕೊಳ್ಳುವಂತಾದರೆ, ತುಟಿ ನಾಲಿಗೆ ಊದಿಕೊಂಡರೆ ಯಾವ ಆಂಟಿಹಿಸ್ಟಮಿನ್ ಮಾತ್ರೆಯನ್ನೂ ನಂಬಿ ಕೂರಬಾರದು. ಅದಕ್ಕೆ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು ಮತ್ತು ಆಸ್ಪತ್ರೆ, ತಕ್ಷಣ.

ಇನ್ನು ಅಮ್ಮನ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ.

ಅಮ್ಮನಿಗೆ ಮೈಮೇಲೆ ಗಂಧೆ ಏಳುತ್ತಿತ್ತು. ಮೂರು ವರ್ಷದ ಹಿಂದೆ ನನ್ನ ಮಾತ್ರೆಯನ್ನೇ ಅವಳಿಗೂ ಕೊಟ್ಟೆ. "ನಂಗೆ ಚೆನ್ನಾಗಿ ಹಿಡಿದಿದೆ, ನೀನೂ ತಗೋ" ಎಂದಿದ್ದೆ. ಗಂಧೆ ಅಡಗಿತು. ಅಮ್ಮ ದಿನಾ ತೆಗೆದುಕೊಳ್ಳತೊಡಗಿದಳು. ಆಮೇಲೆ ನಿಧಾನವಾಗಿ ಅವಳ ಮಾತು ಬದಲಾಯಿತು. ಫೋನಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳುವಳು. ಬಾಯಿ ಒಣಗುತ್ತದೆ ಅನ್ನುವಳು. ಮಧ್ಯಾಹ್ನ ಎಬ್ಬಿಸಿದರೆ ಅದು ಬೆಳಗೋ ಸಂಜೆಯೋ ಎಂದು ಗಲಿಬಿಲಿ. ಎಪ್ಪತ್ತಮೂರು ದಾಟಿದವಳಲ್ವಾ, ವಯಸ್ಸು ಎಂದು ಮನೆಯವರೆಲ್ಲ ಅಂದುಕೊಂಡೆವು. ನನ್ನ ಮಂಕಿಗೆ ನನ್ನ ಸ್ವಭಾವವನ್ನು ದೂರಿದ ಹಾಗೆ, ಅವಳ ಮಂಕಿಗೆ ಅವಳ ವಯಸ್ಸನ್ನು ದೂರಿದೆವು.

ನನ್ನ ಮಾತ್ರೆ ಬದಲಾದ ವಾರ ರಾತ್ರಿ ಥಟ್ಟನೆ ಅಮ್ಮ ನೆನಪಾದಳು. ಹಳೇ ಆಂಟಿಹಿಸ್ಟಮಿನ್‌ಗಳು ಹಿಸ್ಟಮಿನ್ ಜೊತೆಗೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವನ್ನೂ ತಡೆಯುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಗಲಿಬಿಲಿ, ಎಲ್ಲ ಅದರಿಂದ. ವಯಸ್ಸಾದವರಲ್ಲಿ ಇದು ಇನ್ನೂ ಜಾಸ್ತಿ. ಅಮೆರಿಕದ ವೃದ್ಧವೈದ್ಯರ ಸಂಘ ಪ್ರಕಟಿಸುವ ಬಿಯರ್ಸ್ ಪಟ್ಟಿಯಲ್ಲಿ, 65 ದಾಟಿದವರಿಗೆ ಕೊಡದಿರುವುದು ಒಳ್ಳೆಯದು ಅನ್ನುವ ಮದ್ದುಗಳ ಸಾಲಿನಲ್ಲಿ, ಈ ಹಳೇ ಮಾತ್ರೆಗಳ ಹೆಸರಿದೆ. ನಾನು ಪ್ರೀತಿಯಿಂದ ಕೊಟ್ಟದ್ದು ಅದನ್ನೇ.

ಮರುದಿನವೇ ಕರೆದುಕೊಂಡು ಹೋದೆ. ಡಾಕ್ಟರ್ ಮೊದಲು ಕಿಡ್ನಿ ಪರೀಕ್ಷೆ ಮಾಡಿಸಿದರು. ಸೆಟಿರಿಜಿನ್, ಫೆಕ್ಸೊಫೆನಡಿನ್‌ಗಳನ್ನು ಮೈಯಿಂದ ಹೊರಹಾಕುವುದರಲ್ಲಿ ಕಿಡ್ನಿಗೂ ಪಾಲಿದೆ. ಕಿಡ್ನಿ ಸೋತವರಿಗೆ ಪ್ರಮಾಣ ಕಡಿಮೆ ಮಾಡಬೇಕು. ಎಲ್ಲ ನೋಡಿ ಹಳೆಯದನ್ನು ನಿಲ್ಲಿಸಿ, ಗಂಧೆಗೆ ಲೊರಾಟಡಿನ್ ಕೊಟ್ಟರು. ಎಲ್ಲವೂ ಮೊದಲಿನಂತಾಯಿತು ಎಂದು ನಾನು ಹೇಳಲಾರೆ. ವಯಸ್ಸಿನದ್ದೂ ಒಂದು ಪಾಲು ಇದ್ದೇ ಇದೆ. ಕನ್ನಡಕ ಎಲ್ಲಿಟ್ಟೆ ಎಂದು ಈಗಲೂ ಹುಡುಕುತ್ತಾಳೆ.

ಐದಾರು ವಾರ ಕಳೆದಿರಬೇಕು. ಸಂಜೆ ಫೋನು ಮಾಡಿದ್ದೆ. ತಿದ್ದುತ್ತಿದ್ದ ಪುಸ್ತಕದಲ್ಲಿ ಬಂದ ಒಂದು ಸಂಗತಿ ಹೇಳತೊಡಗಿದೆ. ಅರ್ಧಕ್ಕೆ ಬಂದಿದ್ದೆ.

"ಇದನ್ನ ಮೊನ್ನೆನೇ ಹೇಳಿದೆಯಲ್ಲೇ" ಎಂದಳು ಅಮ್ಮ.